ಎರಡು ಮೂರು ವರ್ಷ ಪಾಠ ಮಾಡಿದ ಟೀಚರ್, ಆಮೇಲೆ ಸಂಸತ್ತು: ಜೆನ್ನಿ ಲೀ ಗೊತ್ತಾ?

ಸ್ಲೇಟು_ಬಳಪ

ನಮ್ಮಲ್ಲಿ ವಿಧಾನ ಪರಿಷತ್ತಿಗೆ ಶಿಕ್ಷಕರ ಕ್ಷೇತ್ರ ಅಂತಲೇ ಇದೆ. ಚುನಾವಣೆ ಬಂದರೆ ಅಭ್ಯರ್ಥಿಗಳು ಸ್ಟಾಫ್ ರೂಮಿಗೇ ಬಂದು ಕೈ ಮುಗಿಯುತ್ತಾರೆ. ಹೋದ ವಾರ ಊಟದ ಬಿಡುವಿನಲ್ಲಿ ಇದೇ ಮಾತು ಬಂತು. "ಮೇಷ್ಟ್ರಾಗಿದ್ದವರು ರಾಜಕೀಯಕ್ಕೆ ಹೋಗಿ ಓದುವವರಿಗೆ ಏನಾದರೂ ಲಾಭ ಆಗಿದ್ದುಂಟಾ?" ಅಂತ ಗಣಿತದ ಮೇಡಂ ಕೇಳಿದರು. ನಾನು ಜೆನ್ನಿ ಲೀ ಅಂದೆ. ಯಾರಿಗೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಬೆಲ್ ಹೊಡೆಯಿತು, ಕಥೆ ಅಲ್ಲೇ ನಿಂತಿತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಹುಟ್ಟಿದ್ದು 1904ರಲ್ಲಿ. ಸ್ಕಾಟ್ಲೆಂಡಿನ ಫೈಫ್ ಪ್ರಾಂತ್ಯದ ಲಾಕ್‌ಗೆಲ್ಲಿ, ಕಲ್ಲಿದ್ದಲ ಊರು. ಅಪ್ಪ ಗಣಿಗೆ ಇಳಿಯುವವರು. ಅಜ್ಜ ಅಲ್ಲಿನ ಗಣಿ ಕಾರ್ಮಿಕರ ಸಂಘದಲ್ಲಿ ಹೆಸರು ಮಾಡಿದವರು. ಅಮ್ಮ ಕೆಲವು ವರ್ಷ ಪಕ್ಕದ ಕೌಡನ್‌ಬೀತ್‌ನಲ್ಲಿ ಹೋಟೆಲ್ ನಡೆಸಿದರು. ಊರೂರು ತಿರುಗುವ ನಾಟಕದವರು ಅಲ್ಲಿ ಇಳಿದುಕೊಳ್ಳುತ್ತಿದ್ದರು. ಅಂದರೆ ಹುಡುಗಿ ಬೆಳೆದದ್ದು ಒಂದು ಕಡೆ ಸಂಘದ ಮೀಟಿಂಗು, ಇನ್ನೊಂದು ಕಡೆ ಬಣ್ಣ ಹಚ್ಚುವವರ ನಡುವೆ. ಈ ನಾಟಕದ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಬೀತ್ ಹೈಸ್ಕೂಲಿನಲ್ಲಿ ಓದಿ ಎಡಿನ್‌ಬರೋ ವಿಶ್ವವಿದ್ಯಾಲಯ ಸೇರಿದರು. ಅರ್ಧ ಫೀಸು ಕಾರ್ನೆಗಿ ಟ್ರಸ್ಟ್ ಕಟ್ಟಿತು, ಖರ್ಚಿಗೆ ಸ್ಥಳೀಯ ಶಿಕ್ಷಣ ಮಂಡಳಿಯ ಸಹಾಯಧನ. ಎಂ.ಎ., ಕಾನೂನು ಪದವಿ, ಟೀಚರ್ ಟ್ರೈನಿಂಗ್ ಮೂರೂ ಆಯಿತು. ಎಂ.ಎ. ಮುಗಿದ 1926ರಲ್ಲೇ ಬ್ರಿಟನ್ನಿನ ದೊಡ್ಡ ಮುಷ್ಕರ. ಬೇರೆ ಕೆಲಸಗಾರರು ಒಂಬತ್ತು ದಿನಕ್ಕೆ ವಾಪಸ್ ಹೋದರು, ಗಣಿಯವರು ಮಾತ್ರ ಚಳಿಗಾಲ ಹತ್ತಿರ ಬರುವವರೆಗೂ ಹೊರಗೇ ಉಳಿದರು. ಕೊನೆಗೆ ಸೋತು, ಕಡಿಮೆ ಕೂಲಿಗೆ ಜಾಸ್ತಿ ಹೊತ್ತು ದುಡಿಯಲು ಒಪ್ಪಿಕೊಂಡು ಒಳಗೆ ಹೋದರು. ಜೆನ್ನಿ ಲೀ ಟೀಚರ್ ಆಗಿ ನಿಂತದ್ದು ಇಂಥ ಮನೆಗಳ ಮಕ್ಕಳ ಮುಂದೆ, ಅದೇ ಕೌಡನ್‌ಬೀತ್‌ನಲ್ಲಿ. ಮಗ್ಗಿ ಬರದ ಹುಡುಗನಿಗೆ ಬೆಳಿಗ್ಗೆ ಹೊಟ್ಟೆಗೆ ಏನು ಬಿದ್ದಿದೆ ಅಂತ ಟೀಚರಿಗೆ ಗೊತ್ತಿದ್ದರೆ ಆ ಕ್ಲಾಸು ಹೇಗಿರುತ್ತೆ ಅಂತ ಇಲ್ಲಿರುವ ಮೇಷ್ಟ್ರುಗಳಿಗೆ ಹೇಳಬೇಕಾಗಿಲ್ಲ.

1929ರ ಮಾರ್ಚ್‌ನಲ್ಲಿ ನಾರ್ತ್ ಲ್ಯಾನಾರ್ಕ್ ಉಪಚುನಾವಣೆ. ಕನ್ಸರ್ವೇಟಿವ್ ಪಕ್ಷದ ಕೈಯಲ್ಲಿದ್ದ ಸೀಟು. ಜೆನ್ನಿ ಲೇಬರ್ ಪಕ್ಷದಿಂದ ನಿಂತು 6,578 ಮತಗಳ ಅಂತರದಲ್ಲಿ ಗೆದ್ದರು. ವಯಸ್ಸು 24. ಮಜಾ ಏನಂದರೆ, ಅವರಿಗೆ ಆಗ ಓಟೇ ಇರಲಿಲ್ಲ! ಹೆಂಗಸರಿಗೆ 30 ತುಂಬಿರಬೇಕು ಅನ್ನುವ ನಿಯಮ 1928ರಲ್ಲಿ ಹೋಗಿತ್ತು, ನಿಜ. ಆದರೆ ಹೊಸ ಮತದಾರರ ಪಟ್ಟಿ ಇನ್ನೂ ಜಾರಿಗೆ ಬಂದಿರಲಿಲ್ಲ. ಸಂಸತ್ತಿನಲ್ಲಿ ಕೂರಬಹುದು, ಮತಗಟ್ಟೆಗೆ ಹೋಗುವಂತಿಲ್ಲ.

ಹೊಸ ಸದಸ್ಯರನ್ನು ಇಬ್ಬರು ಹಿರಿಯರು ಸಭೆಯೊಳಗೆ ಕರೆದುಕೊಂಡು ಹೋಗುವುದು ಅಲ್ಲಿನ ಪದ್ಧತಿ. ಪಕ್ಷದವರು ಬೇರೆ ಲೆಕ್ಕ ಹಾಕಿದ್ದರು. ಈಕೆ ಕೇಳಲಿಲ್ಲ. ಗಣಿ ಕಾರ್ಮಿಕರ ಹಳೆಯ ನಾಯಕ ಬಾಬ್ ಸ್ಮೈಲಿ ಒಂದು ಕಡೆ, ಜಿಮ್ಮಿ ಮ್ಯಾಕ್ಸ್‌ಟನ್ ಇನ್ನೊಂದು ಕಡೆ. ಮೊದಲ ಭಾಷಣದಲ್ಲೇ ಹಣಕಾಸು ಮಂತ್ರಿ ಚರ್ಚಿಲ್‌ರ ಬಜೆಟ್ಟನ್ನು ಬೂಟಾಟಿಕೆ, ಭ್ರಷ್ಟಾಚಾರ, ಕೈಲಾಗದತನ ಮೂರೂ ಕಲಸಿದ್ದು ಅಂತ ಜಾಡಿಸಿದರು. ಆಮೇಲೆ ಚರ್ಚಿಲ್ಲೇ ಬಂದು ಅಭಿನಂದಿಸಿದರಂತೆ.

ಮುಂದಿನದನ್ನು ಸಂಜೆ ಬರೆಯುತ್ತೇನೆ. ಟೆಸ್ಟ್ ಪೇಪರ್ ತಿದ್ದುವುದಿದೆ.

ತಕರಾರು_ತಿಮ್ಮ

ಸ್ಲೇಟು ಸರ್, ಕಥೆ ಚೆನ್ನಾಗಿದೆ. ಆದರೆ ಎರಡು ಮೂರು ವರ್ಷ ಪಾಠ ಮಾಡಿ ಬಿಟ್ಟವರನ್ನು ಟೀಚರ್ ಅಂತ ಕರೆಯೋದು ನ್ಯಾಯವಾ? ನಮ್ಮ ಚಿಕ್ಕಪ್ಪ ಎರಡು ವರ್ಷ ಬಸ್ ಕಂಡಕ್ಟರ್ ಆಗಿದ್ದರು, ಆಮೇಲೆ 30 ವರ್ಷ ಅಡಿಕೆ ವ್ಯಾಪಾರ. ಅವರನ್ನು ಯಾರೂ ಕಂಡಕ್ಟರ್ ಅನ್ನಲ್ಲ.

ಗಣಿಧೂಳು

ನಾನು ಕೆ.ಜಿ.ಎಫ್. ಕಡೆಯವನು. ನಮ್ಮ ತಾತ, ಅಪ್ಪ ಇಬ್ಬರೂ ಗಣಿಗೆ ಇಳಿದವರು. ಅಲ್ಲೂ ಮೊದಲು ಗಣಿ ನಡೆಸಿದ್ದು ಬ್ರಿಟಿಷ್ ಕಂಪನಿಯೇ, ಜಾನ್ ಟೇಲರ್ ಅಂಡ್ ಸನ್ಸ್. ಗಣಿ ಮನೆಯಲ್ಲಿ ಒಬ್ಬ ಮಗಳು ಟೀಚರ್ ಆಗುವುದು ಅಂದರೆ ಏನು ಅಂತ ತಿಮ್ಮಣ್ಣನಿಗೆ ಗೊತ್ತಿಲ್ಲ ಅನ್ಸುತ್ತೆ. ಅದು ಬರೀ ಕೆಲಸ ಅಲ್ಲ, ನೆಲದ ಮೇಲೆ ಬಂದ ಹಾಗೆ. ಅಂಥ ಕೆಲಸ ಬಿಟ್ಟು ಎಲೆಕ್ಷನ್‌ಗೆ ನಿಂತಿದ್ದಾರಲ್ಲ, ಅದು ನೋಡಿ.

ಸ್ಲೇಟು_ಬಳಪ

ತಿಮ್ಮಣ್ಣ, ನಿಮ್ಮ ಪ್ರಶ್ನೆ ಸರಿಯಾಗೇ ಇದೆ. ಆ ಕೆಲಸದಲ್ಲಿ ಅವರ ಮನಸ್ಸು ನಿಂತಿರಲಿಲ್ಲ ಅನ್ನುವುದನ್ನು ನಾನು ಮುಚ್ಚಿಡಲ್ಲ. ಜೊತೆಗಿದ್ದ ಮ್ಯಾಕ್ಸ್‌ಟನ್ ಕೂಡ ಮೇಷ್ಟ್ರೇ. ಯುದ್ಧದ ವಿರುದ್ಧ ಮಾತಾಡಿದ್ದಕ್ಕೆ 1916ರಲ್ಲಿ ಜೈಲಿಗೆ ಹೋದರು, ಶಾಲೆಯ ಕೆಲಸವೂ ಹೋಯಿತು. ಅವರು ಕೆಲಸ ಕಳೆದುಕೊಂಡವರು, ಇವರು ಬಿಟ್ಟವರು.

ರಾಣೆಬೆನ್ನೂರು_ಅಕ್ಕ

ಬಿಟ್ಟವರು ಅಂತ ಇಬ್ಬರೂ ಸಲೀಸಾಗಿ ಹೇಳ್ತಾ ಇದೀರಿ. ಬಿಡದೇ ಇದ್ದಿದ್ದರೂ ಆ ಕೆಲಸ ಜಾಸ್ತಿ ದಿನ ಉಳೀತಿರಲಿಲ್ಲ. ಆಗ ಬ್ರಿಟನ್ನಿನಲ್ಲಿ ಬಹಳ ಕಡೆ ಟೀಚರ್ ಹೆಂಗಸರು ಮದುವೆಯಾದರೆ ರಾಜೀನಾಮೆ ಕೊಡಬೇಕಿತ್ತು. ಇಂಗ್ಲೆಂಡಿನಲ್ಲಿ 1944ರಲ್ಲಿ, ಸ್ಕಾಟ್ಲೆಂಡಿನಲ್ಲಿ 1945ರಲ್ಲಿ ಕಾನೂನು ಮಾಡಿ ಇದನ್ನು ತೆಗೆದರು. ಜೆನ್ನಿ ಮದುವೆ ಆದದ್ದು 1934ರಲ್ಲಿ. ಲೆಕ್ಕ ಹಾಕಿ.

ಸಂಬಳದ ಕಥೆ ಇನ್ನೂ ಚೆಂದ. ಗಂಡಸರಿಗೆ ಕೊಡುವಷ್ಟೇ ಸಂಬಳ ಟೀಚರ್ ಹೆಂಗಸರಿಗೂ ಕೊಡಬೇಕು ಅಂತ 1944ರಲ್ಲಿ ಸಂಸತ್ತಿನಲ್ಲಿ ಒಂದು ತಿದ್ದುಪಡಿ 117-116ರಲ್ಲಿ ಗೆದ್ದಿತು. ಒಂದೇ ಒಂದು ಮತ. ಚರ್ಚಿಲ್ ಅದನ್ನು ತಮ್ಮ ಸರ್ಕಾರದ ಮೇಲಿನ ವಿಶ್ವಾಸದ ಪ್ರಶ್ನೆ ಅಂತ ಮಾಡಿ, ಯುದ್ಧದ ಮಧ್ಯೆ ಎಲ್ಲರನ್ನೂ ಹೆದರಿಸಿ, ವಾಪಸ್ ತೆಗೆಸಿದರು. ಸಮಾನ ಸಂಬಳ ಪೂರ್ತಿ ಕೈಗೆ ಬಂದದ್ದು 1961ರಲ್ಲಿ. ಹೊಸ ಹುಡುಗಿಯ ಭಾಷಣಕ್ಕೆ ಶಹಬ್ಬಾಸ್ ಹೇಳುವುದು ಸುಲಭ.

ತಕರಾರು_ತಿಮ್ಮ

ಅಕ್ಕ, ಆ ಸಂಬಳದ ವಿಷಯ ಗೊತ್ತಿರಲಿಲ್ಲ. ಒಪ್ಪಿದೆ. ಆದರೆ ಟೀಚರ್ ಅನ್ನೋದಕ್ಕೆ ಇನ್ನೂ ಒಪ್ಪಿಲ್ಲ.

ಚಾಕ್‌ಪೀಸ್_ನಿವೃತ್ತ

ಲಾಕ್‌ಗೆಲ್ಲಿ ಅಂದ ಕೂಡಲೇ ನನಗೆ ಬೇರೆಯೇ ನೆನಪಾಯಿತು. ವಿಷಯ ಸ್ವಲ್ಪ ಪಕ್ಕಕ್ಕೆ ಹೋಗುತ್ತೆ, ಕ್ಷಮಿಸಿ. ಸ್ಕಾಟ್ಲೆಂಡಿನ ಮೇಷ್ಟ್ರುಗಳು ಮಕ್ಕಳಿಗೆ ಹೊಡೆಯುತ್ತಿದ್ದದ್ದು ಬೆತ್ತದಲ್ಲಲ್ಲ, ಚರ್ಮದ ಪಟ್ಟಿಯಲ್ಲಿ. ದಪ್ಪ ಚರ್ಮ, ತುದಿ ಸೀಳಿ ಬಾಲದ ಹಾಗೆ ಮಾಡಿದ್ದು. ಹುಡುಗ ಎರಡೂ ಕೈ ಒಂದರ ಮೇಲೊಂದು ಇಟ್ಟು ಚಾಚಬೇಕು. ಆ ಪಟ್ಟಿಗೆ ಹೆಸರುವಾಸಿಯಾದ ಊರು ಯಾವುದು? ಇದೇ ಲಾಕ್‌ಗೆಲ್ಲಿ. ಅಲ್ಲಿನ ಜೀನು ಹೊಲಿಯುವವರ ಅಂಗಡಿಯಲ್ಲಿ ತಯಾರಾಗಿ ನಾಡಿನ ಶಾಲೆಗಳಿಗೆಲ್ಲ ಹೋಗುತ್ತಿತ್ತು. ಎಷ್ಟರ ಮಟ್ಟಿಗೆ ಅಂದರೆ ಪಟ್ಟಿಯನ್ನೇ 'ಲಾಕ್‌ಗೆಲ್ಲಿ' ಅಂತ ಕರೆಯುತ್ತಿದ್ದರು.

ಇನ್ನೂ ಕೇಳಿ. 1976ರಲ್ಲಿ ಕೌಡನ್‌ಬೀತ್‌ನಲ್ಲಿ ಒಬ್ಬ ಹುಡುಗ ಸ್ಮಶಾನದ ಅಡ್ಡದಾರಿ ಹಿಡಿದು ಮನೆಗೆ ಹೊರಟ ಅಂತ ಪಟ್ಟಿ ಏಟು ಕೊಡಲು ಕರೆದರು. ಅವನು ಕೈ ಚಾಚಲು ಒಪ್ಪಲಿಲ್ಲ. ಶಾಲೆಯಿಂದ ಹೊರಗೆ ಕಳಿಸಿದರು. ಅವನ ತಾಯಿ ಸುಮ್ನೆ ಕೂರಲಿಲ್ಲ. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋಗಿ 1982ರಲ್ಲಿ ಗೆದ್ದರು. ಬ್ರಿಟನ್ನಿನ ಸರ್ಕಾರಿ ಶಾಲೆಗಳಲ್ಲಿ ಹೊಡೆತ ನಿಂತದ್ದು ಅದಾದ ಮೇಲೆ, 1987ರಲ್ಲಿ. ಆ ಹುಡುಗ ಓದುತ್ತಿದ್ದ ಶಾಲೆ ಬೀತ್ ಹೈಸ್ಕೂಲ್. ಜೆನ್ನಿ ಓದಿದ್ದೂ ಅಲ್ಲೇ.

ನಾನು 34 ವರ್ಷ ಸರ್ವಿಸ್ ಮಾಡಿದವನು. ಮೊದಲ ಹತ್ತು ವರ್ಷ ಕೈಯಲ್ಲಿ ಹುಣಸೆ ಬರಲು ಇರುತ್ತಿತ್ತು. ಇದನ್ನು ಓದಿದ ದಿನ ಯಾಕೋ ರಾತ್ರಿ ಸರಿ ನಿದ್ದೆ ಬರಲಿಲ್ಲ.

ಗಣಿಧೂಳು

ಸರ್, ನಿಮ್ಮಂಥವರೊಬ್ಬರ ಕೈಯಲ್ಲಿ ನಾನೂ ತಿಂದಿದೀನಿ. ಪರವಾಗಿಲ್ಲ ಬಿಡಿ.

ಸ್ಲೇಟು_ಬಳಪ

ಪೇಪರ್ ತಿದ್ದಿ ಮುಗಿಯಿತು. ಮುಂದುವರಿಸುತ್ತೇನೆ.

1931ರಲ್ಲಿ ಸೀಟು ಹೋಯಿತು. ಮತ್ತೆ ಸಂಸತ್ತಿಗೆ ಬಂದದ್ದು 1945ರಲ್ಲಿ, ಕ್ಯಾನಕ್ ಕ್ಷೇತ್ರದಿಂದ. ನಡುವಿನ 14 ವರ್ಷ ಲೇಖನ ಬರೆದು, ಅಮೆರಿಕ ಕೆನಡಾ ತಿರುಗಿ ಭಾಷಣ ಮಾಡಿ ಹೊಟ್ಟೆ ಹೊರೆದರು. ಹಠ ಜಾಸ್ತಿ. ಅವರ ಸಣ್ಣ ಗುಂಪಾದ ಐ.ಎಲ್.ಪಿ. (ಇಂಡಿಪೆಂಡೆಂಟ್ ಲೇಬರ್ ಪಾರ್ಟಿ) 1932ರಲ್ಲಿ ಲೇಬರ್ ಪಕ್ಷದಿಂದ ಹೊರಬಂದಾಗ ಜೆನ್ನಿಯೂ ಅದರ ಜೊತೆಗೇ ಉಳಿದರು. ಗೆಳೆಯ ನೈ ಬೆವನ್ ಬೇಡ ಅಂದಿದ್ದರು. ಶುದ್ಧವಾಗಿಯೇನೋ ಉಳಿಯುತ್ತೀ, ಆದರೆ ಕೈಯಲ್ಲಿ ಏನೂ ಆಗಲ್ಲ ಅನ್ನುವ ಅರ್ಥದಲ್ಲಿ ರೇಗಿಸಿದ್ದರು. ಎರಡು ವರ್ಷದ ನಂತರ ಅವರನ್ನೇ ಮದುವೆಯಾದರು!

ಬೆವನ್ ವೇಲ್ಸ್‌ನ ಗಣಿ ಹುಡುಗ. 13ನೇ ವಯಸ್ಸಿಗೆ ಶಾಲೆ ಬಿಟ್ಟು ಗಣಿಗೆ ಇಳಿದವರು. 1948ರ ಜುಲೈ 5ಕ್ಕೆ ಬ್ರಿಟನ್ನಿನ ಎಲ್ಲರಿಗೂ ಉಚಿತ ಆಸ್ಪತ್ರೆ ಸೇವೆ ಶುರುಮಾಡಿದ ಆರೋಗ್ಯ ಮಂತ್ರಿ ಇವರೇ. ಆ ವರ್ಷಗಳಲ್ಲೆಲ್ಲ ಜೆನ್ನಿ ಸಂಸದೆಯೇ ಆದರೂ ಹಿಂದಿನ ಸಾಲಿನಲ್ಲಿ ನಿಂತರು. ಗಂಡನ ಹೋರಾಟ ತಮ್ಮದಕ್ಕಿಂತ ದೊಡ್ಡದು ಅಂದುಕೊಂಡು ಹಾಗೆ ಮಾಡಿದರು. 1960ರಲ್ಲಿ ಬೆವನ್ ಕ್ಯಾನ್ಸರ್‌ನಿಂದ ತೀರಿಕೊಂಡರು. ಆಗ ಜೆನ್ನಿಗೆ 55. ಬಹಳ ಜನ ಅವರ ರಾಜಕೀಯ ಮುಗಿಯಿತು ಅಂದುಕೊಳ್ಳುವ ವಯಸ್ಸು.

1964ರಲ್ಲಿ ಹೆರಾಲ್ಡ್ ವಿಲ್ಸನ್ ಪ್ರಧಾನಿ ಆದರು. ಜೆನ್ನಿಗೆ ಕಲೆಯ ಖಾತೆ ಕೊಟ್ಟರು. ಬ್ರಿಟನ್ನಿಗೆ ಕಲೆಗೆ ಅಂತ ಸಿಕ್ಕ ಮೊದಲ ಮಂತ್ರಿ. ಅಮ್ಮನ ಹೋಟೆಲಿನ ನಾಟಕದವರು ನೆನಪಿದ್ದಾರಲ್ವಾ? ಆರು ವರ್ಷದಲ್ಲಿ ಆರ್ಟ್ಸ್ ಕೌನ್ಸಿಲ್‌ಗೆ ಸರ್ಕಾರ ಕೊಡುವ ದುಡ್ಡು ಸುಮಾರು ಮೂರು ಪಟ್ಟು ಆಯಿತು. ಇದರ ಜೊತೆಗೆ ವಿಲ್ಸನ್ ಇನ್ನೊಂದು ಕೆಲಸ ಹಚ್ಚಿದರು. 1963ರಲ್ಲಿ ಗ್ಲಾಸ್ಗೋದಲ್ಲಿ ಒಂದು ಭಾಷಣದಲ್ಲಿ ಅವರು 'ಗಾಳಿಯ ವಿಶ್ವವಿದ್ಯಾಲಯ' ಅಂತ ಒಂದು ಮಾತು ಬಿಟ್ಟಿದ್ದರು. ರೇಡಿಯೋ, ಟಿ.ವಿ., ಅಂಚೆ ಮೂಲಕ ಕಲಿಸುವುದು. ಕೇಳಿದವರು ನಕ್ಕು ಸುಮ್ಮನಾಗಿದ್ದರು. ಅದನ್ನು 1965ರಲ್ಲಿ ಜೆನ್ನಿ ಕೈಗೆ ಕೊಟ್ಟರು. ಅದೇ ಮುಂದೆ ಓಪನ್ ಯೂನಿವರ್ಸಿಟಿ ಆಯಿತು.

ಇಲ್ಲಿ ನೋಡಿ ಟೀಚರ್ ಎದ್ದು ಬಂದದ್ದು. ಅಧಿಕಾರಿಗಳು, ತಜ್ಞರು ಎಲ್ಲ ಹೇಳಿದ್ದು, ಸಣ್ಣದಾಗಿ ಮಾಡೋಣ, ಸಂಜೆ ಕ್ಲಾಸಿನ ಹಾಗೆ, ಒಂದು ಸರ್ಟಿಫಿಕೇಟ್ ಸಾಕು ಅಂತ. ಜೆನ್ನಿ ಸುತರಾಂ ಒಪ್ಪಲಿಲ್ಲ. ಕೊಟ್ಟರೆ ನಿಜವಾದ ಡಿಗ್ರಿ, ಬೇರೆ ವಿಶ್ವವಿದ್ಯಾಲಯಗಳದ್ದೇ ಮಟ್ಟ. ಆದರೆ ಸೇರಲು ಯಾವ ಅರ್ಹತೆಯೂ ಬೇಡ, ಹತ್ತನೇ ಕ್ಲಾಸೂ ಬೇಡ. ಬಾಗಿಲು ಪೂರ್ತಿ ತೆರೆದಿರಬೇಕು, ಒಳಗಿರುವುದು ಎರಡನೇ ದರ್ಜೆಯದಾಗಿರಬಾರದು. ಇದನ್ನು 'ಕೂಲಿಕಾರರ ವಿಶ್ವವಿದ್ಯಾಲಯ' ಅಂತ ಕರೆದರೂ ಅವರಿಗೆ ಸಿಟ್ಟು ಬರುತ್ತಿತ್ತು. ಬಡವರಿಗೆ ಅಂತ ಬೇರೆ ಮಾಡಿದ್ದು ಯಾವಾಗಲೂ ಕಳಪೆಯೇ ಆಗುತ್ತೆ ಅಂತ ಗಣಿ ಊರಿನ ಹುಡುಗಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಲೆಕ್ಕದ_ಪುಸ್ತಕ

ಸ್ಲೇಟು ಅವರೇ, ಹೊಗಳಿಕೆ ಜಾಸ್ತಿ ಆಯಿತು. ಇನ್ನೊಂದು ಮುಖವನ್ನೂ ಇಡಬೇಕು.

1968ರ ಜನವರಿಯಲ್ಲಿ ಬ್ರಿಟನ್ ದುಡ್ಡಿನ ಬಿಕ್ಕಟ್ಟಿನಲ್ಲಿತ್ತು. ಪೌಂಡ್ ಬೆಲೆ ಇಳಿಸಿ ಎರಡು ತಿಂಗಳಾಗಿತ್ತು. ಸರ್ಕಾರ ಎಲ್ಲ ಕಡೆ ಕತ್ತರಿ ಹಾಕಿತು. ಆಗ ಮಕ್ಕಳು 15ಕ್ಕೇ ಶಾಲೆ ಬಿಡಬಹುದಿತ್ತು. ಅದನ್ನು 1971ರಿಂದ 16ಕ್ಕೆ ಏರಿಸುತ್ತೇವೆ ಅಂತ ಕೊಟ್ಟ ಮಾತನ್ನು ಎರಡು ವರ್ಷ ಮುಂದಕ್ಕೆ ತಳ್ಳಿದರು. ಲಾರ್ಡ್ ಲಾಂಗ್‌ಫರ್ಡ್ ಇದೇ ಕಾರಣಕ್ಕೆ ಮಂತ್ರಿ ಪದವಿ ಬಿಟ್ಟರು. ಆ ಒಂದು ವರ್ಷದ ಓದು ಯಾರಿಗೆ ತಪ್ಪಿತು? ಶ್ರೀಮಂತರ ಮಕ್ಕಳಿಗಲ್ಲ. ಕೌಡನ್‌ಬೀತ್‌ನಂಥ ಊರಿನ ಮಕ್ಕಳಿಗೆ. ಇನ್ನೂ ಹುಟ್ಟದ ಈ ಗಾಳಿ ವಿಶ್ವವಿದ್ಯಾಲಯ ಮಾತ್ರ ಕತ್ತರಿಯಿಂದ ತಪ್ಪಿಸಿಕೊಂಡಿತು. ಕಾರಣ ಸರಳ. ಜೆನ್ನಿಗೆ ನೇರ ಪ್ರಧಾನಿಯ ಕೋಣೆಗೆ ಹೋಗುವ ದಾರಿ ಇತ್ತು. ಇಲಾಖೆಯನ್ನು ದಾಟಿ ಕೆಲಸ ಮಾಡಿಸಿಕೊಂಡರು. ನಮ್ಮೂರಲ್ಲಿ ಹೀಗೆ ಮಾಡಿದರೆ ನಾವು ಅದಕ್ಕೆ ಬೇರೆ ಹೆಸರು ಇಡುತ್ತೇವೆ.

ಖರ್ಚಿನ ಲೆಕ್ಕವೂ ಅಷ್ಟೇ. ಅಂದಾಜು ಹಾಕಿಕೊಟ್ಟದ್ದು ವಿಲ್ಸನ್‌ರ ವಕೀಲ ಲಾರ್ಡ್ ಗುಡ್‌ಮನ್. ಅದು ತೀರಾ ಕಡಿಮೆ ಅಂದಾಜು. ಆಮೇಲೆ ಅವರೇ ಲಾರ್ಡ್ಸ್ ಸಭೆಯಲ್ಲಿ, ನನ್ನ ಲೆಕ್ಕ ನೋಡಿ ನನಗೇ ನಾಚಿಕೆ ಆಗಬೇಕು, ಆದರೆ ಸರಿ ಲೆಕ್ಕ ಕೊಟ್ಟಿದ್ದರೆ ಈ ವಿಶ್ವವಿದ್ಯಾಲಯ ಹುಟ್ಟುತ್ತಲೇ ಇರಲಿಲ್ಲವೇನೋ ಅನ್ನುವಂತೆ ಮಾತಾಡಿದರು.

ಸ್ಲೇಟು_ಬಳಪ

ಇದು ಗಟ್ಟಿ ಮಾತು. ಉತ್ತರ ಸುಲಭ ಇಲ್ಲ. ಪ್ರೈಮರಿಯಲ್ಲಿ ಪಾಠ ಮಾಡುವವನಾಗಿ ನನ್ನನ್ನು ಕೇಳಿದರೆ, ದುಡ್ಡು ಒಂದೇ ಕಡೆಗೆ ಇದ್ದರೆ ಮಕ್ಕಳಿಗೇ ಕೊಡಿ ಅಂತೀನಿ. ಆದರೆ ಅಂದು ಮುಂದಕ್ಕೆ ಹಾಕಿದ್ದು ಎರಡು ವರ್ಷಕ್ಕೆ ಬಂತು. 1968ರಲ್ಲಿ ಈ ವಿಶ್ವವಿದ್ಯಾಲಯವನ್ನು ಮುಂದಕ್ಕೆ ಹಾಕಿದ್ದರೆ ಅದು ಹುಟ್ಟುತ್ತಿರಲಿಲ್ಲ. 1970ರ ಜೂನ್‌ನಲ್ಲಿ ಸರ್ಕಾರ ಬಿತ್ತು, ಕ್ಯಾನಕ್‌ನಲ್ಲಿ ಜೆನ್ನಿಯೂ ಸೋತರು. ಹೊಸ ಹಣಕಾಸು ಮಂತ್ರಿ ಇಯಾನ್ ಮಕ್ಲೌಡ್ ಹಿಂದೆಯೇ ಈ ಯೋಜನೆಯನ್ನು ಶುದ್ಧ ಹುಚ್ಚು ಮಾತು ಅಂತ ಬಯ್ದಿದ್ದವರು. ತಿಂಗಳೊಪ್ಪತ್ತಿನಲ್ಲಿ ಅವರು ತೀರಿಹೋದರು. ಹೊಸ ಶಿಕ್ಷಣ ಮಂತ್ರಿ ಅದನ್ನು ಉಳಿಸಿದರು. ಆ ಶಿಕ್ಷಣ ಮಂತ್ರಿ ಯಾರು ಹೇಳಿ? ಮಾರ್ಗರೆಟ್ ಥ್ಯಾಚರ್.

ತಕರಾರು_ತಿಮ್ಮ

ಥ್ಯಾಚರ್ರಾ! ಶಾಲೆ ಮಕ್ಕಳ ಹಾಲು ನಿಲ್ಲಿಸಿದವರು ಅಲ್ವಾ?

ಸ್ಲೇಟು_ಬಳಪ

ಅವರೇ. ಏಳು ವರ್ಷ ಮೀರಿದ ಮಕ್ಕಳ ಹಾಲು ನಿಲ್ಲಿಸಿದರು, ಇದನ್ನು ಉಳಿಸಿದರು. ಕಡಿಮೆ ಖರ್ಚಿನಲ್ಲಿ ಡಿಗ್ರಿ ಸಿಗುತ್ತೆ ಅನ್ನುವ ಲೆಕ್ಕ ಅವರಿಗೆ ಹಿಡಿಸಿತು.

ಮಿಲ್ಟನ್‌ಕೀನ್ಸ್_ಕನ್ನಡಿಗ

ಎರಡು ದಿನದಿಂದ ಓದ್ತಾ ಇದೀನಿ, ಇನ್ನು ಸುಮ್ಮನಿರಲು ಆಗಲ್ಲ. ನಾನಿರೋದು ಆ ಓಪನ್ ಯೂನಿವರ್ಸಿಟಿ ಇರುವ ಊರಲ್ಲೇ. ವಾಲ್ಟನ್ ಹಾಲ್ ಅಂತ ಹಳೇ ಬಂಗಲೆ, ಅದರ ಸುತ್ತ ಕ್ಯಾಂಪಸ್. ಮೊದಲ ಸಲ ಒಳಗೆ ಹೋದಾಗ ಏನೋ ಸರಿ ಇಲ್ಲ ಅನಿಸಿತು. ಆಮೇಲೆ ಹೊಳೆಯಿತು. ವಿದ್ಯಾರ್ಥಿಗಳೇ ಇಲ್ಲ! ಹಾಸ್ಟೆಲ್ ಇಲ್ಲ, ಕ್ಯಾಂಟೀನ್ ಗಲಾಟೆ ಇಲ್ಲ, ಗೋಡೆ ಮೇಲೆ ಹೆಸರು ಕೆತ್ತುವವರಿಲ್ಲ. ಡಿಗ್ರಿ ಓದುವವರೆಲ್ಲ ಅವರವರ ಮನೆಯ ಅಡುಗೆ ಕಟ್ಟೆ ಮೇಲೆ ಓದ್ತಾ ಇರ್ತಾರೆ. ಅಲ್ಲೊಂದು ಕಟ್ಟಡಕ್ಕೆ ಜೆನ್ನಿ ಲೀ ಹೆಸರಿದೆ. ಅವರ ಕಾಗದಪತ್ರಗಳೂ ಆ ವಿಶ್ವವಿದ್ಯಾಲಯದ ಹತ್ತಿರವೇ ಇವೆ.

ಶುರುವಾದ ರೀತಿ ಕೇಳಿ. 1969ರ ಏಪ್ರಿಲ್‌ನಲ್ಲಿ ರಾಜಸನದು ಸಿಕ್ಕಿತು. ಜುಲೈನಲ್ಲಿ ಉದ್ಘಾಟನೆ, ಮನುಷ್ಯ ಚಂದ್ರನ ಮೇಲೆ ಇಳಿದ ಅದೇ ವಾರ. 1971ರ ಜನವರಿಯಲ್ಲಿ ಪಾಠ ಆರಂಭ. ಕಲೆ, ಸಮಾಜ ವಿಜ್ಞಾನ, ವಿಜ್ಞಾನ, ಗಣಿತ ಹೀಗೆ ನಾಲ್ಕು ಕೋರ್ಸು, ಸುಮಾರು 24,000 ವಿದ್ಯಾರ್ಥಿಗಳು. ಎಲ್ಲ ನಿಂತಿರೋದು ಅಂಚೆ ಮೇಲೆ. ಜನವರಿ 20ಕ್ಕೆ ಬ್ರಿಟನ್ನಿನ ಅಂಚೆ ನೌಕರರು ಮುಷ್ಕರ ಹೂಡಿದರು! 47 ದಿನ ಒಂದು ಕಾಗದ ಅಲ್ಲಾಡಲಿಲ್ಲ. ಪಾಠದ ಕಟ್ಟುಗಳನ್ನು ಬೇರೆ ದಾರಿಯಲ್ಲಿ ಊರೂರಿನ ಸ್ಟಡಿ ಸೆಂಟರ್‌ಗಳಿಗೆ ಮುಟ್ಟಿಸಬೇಕಾಯಿತು. ಮುಷ್ಕರದವರ ಮಗಳು ಕಟ್ಟಿದ ವಿಶ್ವವಿದ್ಯಾಲಯಕ್ಕೆ ಮೊದಲ ತಿಂಗಳೇ ಮುಷ್ಕರದ ಏಟು.

ವಿಜ್ಞಾನ ತಗೊಂಡವರಿಗೆ ಮನೆಗೇ ಪೆಟ್ಟಿಗೆ ಬರ್ತಿತ್ತು. ಗಾಜಿನ ನಳಿಕೆ, ರಾಸಾಯನಿಕಗಳು, ಅಂಗೈ ಅಗಲದ ಒಂದು ಪ್ಲಾಸ್ಟಿಕ್ ಮೈಕ್ರೋಸ್ಕೋಪ್. ಕೋರ್ಸ್ ಮುಗಿದ ಮೇಲೆ ವಾಪಸ್ ಕಳಿಸಬೇಕಿತ್ತು. ಟಿ.ವಿ. ಪಾಠ ಬೆಳಗಿನ ಜಾವ ಇಲ್ಲಾ ತಡರಾತ್ರಿ ಬರ್ತಿತ್ತು. ಬೇಸಿಗೆಯಲ್ಲಿ ಒಂದು ವಾರ ಬೇರೆ ವಿಶ್ವವಿದ್ಯಾಲಯದ ಹಾಸ್ಟೆಲ್‌ನಲ್ಲಿ ಇದ್ದು ಕಲಿಯಬೇಕಿತ್ತು. ಇವತ್ತಿಗೆ ಅಲ್ಲಿ ಓದಿದವರು 20 ಲಕ್ಷಕ್ಕೂ ಜಾಸ್ತಿ.

ರಾಣೆಬೆನ್ನೂರು_ಅಕ್ಕ

ಆ ಅಡುಗೆ ಕಟ್ಟೆ ಮಾತು ಓದಿ ನಗು ಬಂತು, ಕಣ್ಣಲ್ಲಿ ನೀರೂ ಬಂತು. ನಾನು ಬಿ.ಎ. ಮಾಡಿದ್ದು ಹಾಗೇ, ಮದುವೆಯಾಗಿ ಎರಡು ಮಕ್ಕಳಾದ ಮೇಲೆ, ಕರೆಸ್ಪಾಂಡೆನ್ಸ್‌ನಲ್ಲಿ. ಪುಸ್ತಕ ಹಿಟ್ಟಿನ ಡಬ್ಬಿಗೆ ಒರಗಿಸಿಟ್ಟುಕೊಂಡು ರೊಟ್ಟಿ ಬಡೀತಿದ್ದೆ. ಇತಿಹಾಸದ ನೋಟ್ಸ್ ಮೇಲೆಲ್ಲ ಜೋಳದ ಹಿಟ್ಟು. ಎರಡನೇ ವರ್ಷದ ಪುಸ್ತಕ ಬಂದದ್ದು ಪರೀಕ್ಷೆ ಮುಗಿದ 11 ದಿನಕ್ಕೆ. ಯಾವ ಸಂಸ್ಥೆ ಅಂತ ಹೇಳಲ್ಲ, ಈಗ ಯಾಕೆ ಬೇಕು. ಪಕ್ಕದ ಓಣಿಯವಳ ಹಳೇ ಪುಸ್ತಕ ಇಸ್ಕೊಂಡು ಬರೆದು ಪಾಸಾದೆ. ಆದರೆ ಒಂದು ಮಾತು. ನಮಗೆ ಯಾವತ್ತೂ ಮೈಕ್ರೋಸ್ಕೋಪ್ ಬರಲಿಲ್ಲ. ಜೆನ್ನಿ ಲೀ 'ಎರಡನೇ ದರ್ಜೆ ಬೇಡ' ಅಂದದ್ದರ ಬೆಲೆ ನನಗೆ ಅಲ್ಲಿ ಗೊತ್ತಾಗುತ್ತೆ.

ಚಾಕ್‌ಪೀಸ್_ನಿವೃತ್ತ

ತಾಯಿ, ನಮ್ಮಲ್ಲಿ ಅಂಚೆ ಶಿಕ್ಷಣ ಅವರಿಗಿಂತ ಮೊದಲೇ ಇತ್ತು. ದೆಹಲಿ ವಿಶ್ವವಿದ್ಯಾಲಯ 1962ರಲ್ಲೇ ಶುರುಮಾಡಿತು. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆ ಶಿಕ್ಷಣ ಸಂಸ್ಥೆ ತೆರೆಯಿತು, ಅಂದರೆ ಅವರಿಗೆ ರಾಜಸನದು ಸಿಕ್ಕ ವರ್ಷವೇ. 1996ರಲ್ಲಿ ಅದೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಆಯಿತು. ನಮ್ಮ ಅಂಚೆ ಶಿಕ್ಷಣ ಮೊದಲು ಅಚ್ಚಾದ ಪಾಠವನ್ನು ಕಳಿಸುವ ಕೆಲಸವಾಗಿತ್ತು. 'ಮುಕ್ತ' ಅನ್ನುವ ಮಾತು, ಅಂದರೆ ಹಿಂದೆ ಓದಿರದಿದ್ದರೂ ಬಾ ಅನ್ನುವುದು, ಬ್ರಿಟನ್ನಿನ ಮಾದರಿ ನೋಡಿದ ಮೇಲೆ ಬಂತು. 1982ರಲ್ಲಿ ಹೈದರಾಬಾದಿನಲ್ಲಿ ದೇಶದ ಮೊದಲನೆಯದು, 1985ರಲ್ಲಿ ಇಂದಿರಾ ಗಾಂಧಿ ಹೆಸರಿನ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ. ಎರಡಕ್ಕೂ ಮೊದಲ ಕುಲಪತಿ ಜಿ. ರಾಮರೆಡ್ಡಿ.

ಗಣಿಧೂಳು

ಒಂದು ಡೌಟು. ಅಷ್ಟೆಲ್ಲ ಜಗಳ ಆಡಿ ಬಾಗಿಲು ತೆರೆದರಲ್ಲ, ಗಣಿ ಕಾರ್ಮಿಕರು ಬಂದರಾ?

ಲೆಕ್ಕದ_ಪುಸ್ತಕ

ನಾನು ಇದನ್ನೇ ಹೇಳಬೇಕು ಅಂತಿದ್ದೆ. ಬರಲಿಲ್ಲ, ಅಥವಾ ಬಹಳ ಕಡಿಮೆ ಬಂದರು. ಮೊದಲ ವರ್ಷ ಕೈಕೆಲಸದವರು ಬೆರಳೆಣಿಕೆ. ಪತ್ರಿಕೆಯವರು ಇದನ್ನೇ ಹಿಡಿದು ಆಡಿಕೊಂಡರು. ಹಾಗಾದರೆ ಬಂದವರಲ್ಲಿ ಎಲ್ಲರಿಗಿಂತ ದೊಡ್ಡ ಗುಂಪು ಯಾರದ್ದು ಗೊತ್ತಾ?

ಸ್ಲೇಟು_ಬಳಪ

ಹೇಳಿಬಿಡಿ. ನನಗೆ ಗೊತ್ತು, ಆದರೆ ನೀವೇ ಹೇಳಿ.

ಲೆಕ್ಕದ_ಪುಸ್ತಕ

ಟೀಚರ್‌ಗಳು. ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ. ಆಗ ಬ್ರಿಟನ್ನಿನಲ್ಲಿ ಬಹಳಷ್ಟು ಶಾಲಾ ಟೀಚರ್‌ಗಳ ಹತ್ತಿರ ಡಿಗ್ರಿ ಇರಲಿಲ್ಲ, ಟ್ರೈನಿಂಗ್ ಕಾಲೇಜಿನ ಸರ್ಟಿಫಿಕೇಟ್ ಅಷ್ಟೇ. ನಮ್ಮ ಟಿ.ಸಿ.ಎಚ್. ಇದ್ದ ಹಾಗೆ. ಡಿಗ್ರಿ ಆದರೆ ಸಂಬಳ ಏರುತ್ತೆ, ಬಡ್ತಿ ಸಿಗುತ್ತೆ. ಹಗಲು ಮಕ್ಕಳಿಗೆ ಪಾಠ, ರಾತ್ರಿ ತಮ್ಮ ಪಾಠ. ನಾನು ಇದನ್ನು ಟೀಕೆಯಾಗಿಯೇ ಹೇಳುತ್ತಿದ್ದೇನೆ. ಆಗಲೇ ಅರ್ಧ ಮೆಟ್ಟಿಲು ಹತ್ತಿದ್ದವರಿಗೆ ಇನ್ನರ್ಧ ಹತ್ತಲು ಏಣಿ ಸಿಕ್ಕಿತು. ಕೆಳಗೆ ನಿಂತವರು ಕೆಳಗೇ ಉಳಿದರು.

ಚಾಕ್‌ಪೀಸ್_ನಿವೃತ್ತ

ಟೀಕೆ ಅನ್ನುತ್ತೀರಿ. ನಾನು ಅದರಲ್ಲಿ ನನ್ನನ್ನೇ ನೋಡುತ್ತೇನೆ. 1983ರಲ್ಲಿ ಟಿ.ಸಿ.ಎಚ್. ಮುಗಿಸಿ ಕೆಲಸಕ್ಕೆ ಸೇರಿದೆ. ಬಿ.ಎ., ಎಂ.ಎ. ಎರಡೂ ಅಂಚೆಯಲ್ಲೇ ಆದದ್ದು. ನಮ್ಮ ತಾಲೂಕಿನಲ್ಲಿ ಕಾಂಟ್ಯಾಕ್ಟ್ ಕ್ಲಾಸಿಗೆ ಹೊರಡುವ ಬಸ್ಸಿನಲ್ಲಿ ಅರ್ಧಕ್ಕೆ ಅರ್ಧ ಮೇಷ್ಟ್ರುಗಳೇ ಇರುತ್ತಿದ್ದರು. ನಮ್ಮ ಅಪ್ಪ ಓದು ಬರದವರು. ನಾನು ಆಗಲೇ ಮೆಟ್ಟಿಲು ಹತ್ತಿದವನೇ?

ಲೆಕ್ಕದ_ಪುಸ್ತಕ

ಸರ್, ಆ ಅರ್ಥದಲ್ಲಿ ಅಲ್ಲ. ಬ್ರಿಟನ್ನಿನಲ್ಲೂ ಆ ಟೀಚರ್‌ಗಳಲ್ಲಿ ಬಹಳ ಜನ ಕೂಲಿ ಮನೆಗಳಿಂದ ಬಂದವರೇ, ನಿಜ. ಅಪ್ಪನ ಕೆಲಸ ಕೇಳಿದರೆ ಲೆಕ್ಕ ಬೇರೆ ಬರುತ್ತೆ, ಅವರ ಕೆಲಸ ಕೇಳಿದರೆ ಬೇರೆ. ನನ್ನ ಮಾತು ಸ್ವಲ್ಪ ಒರಟಾಯಿತು.

ತಕರಾರು_ತಿಮ್ಮ

ಅಂದರೆ ಕ್ಲಾಸ್‌ರೂಮ್ ಬೇಡ ಅಂತ ಓಡಿಹೋದವರು ತೆರೆದ ಬಾಗಿಲಿಗೆ ಮೊದಲು ಬಂದು ನಿಂತವರು ಅದೇ ಕ್ಲಾಸ್‌ರೂಮಿನಲ್ಲಿ ಉಳಿದಿದ್ದವರು. ಸರಿ ಸ್ಲೇಟು ಸರ್. ಟೀಚರ್ ಅಂತ ಕರೀರಿ. ನನ್ನ ಚಿಕ್ಕಪ್ಪನ ವಿಷಯ ಬೇರೆ.

ರಾಣೆಬೆನ್ನೂರು_ಅಕ್ಕ

ಕೊನೆಗೆ ಅವರು ಏನಾದರು? ಸೋತ ಮೇಲೆ?

ಮಿಲ್ಟನ್‌ಕೀನ್ಸ್_ಕನ್ನಡಿಗ

1970ರಲ್ಲೇ ಹೌಸ್ ಆಫ್ ಲಾರ್ಡ್ಸ್‌ಗೆ ಹೋದರು, ಬ್ಯಾರನೆಸ್ ಲೀ ಆಫ್ ಆಶರಿಜ್ ಅಂತ. ಆಶರಿಜ್‌ನಲ್ಲೇ ಅವರೂ ಬೆವನ್ನೂ ಜಮೀನು ಮಾಡಿಕೊಂಡು ಇದ್ದದ್ದು. ಗಂಡನ ಹೆಸರು ಹಿಡಿಯಲಿಲ್ಲ, ತಮ್ಮ ಹೆಸರೇ ಇಟ್ಟುಕೊಂಡರು. ಸಂಪುಟದಲ್ಲಿ ಅವರು ಒಂದು ದಿನವೂ ಕೂತಿರಲಿಲ್ಲ ಗೊತ್ತಾ? ಇಷ್ಟೆಲ್ಲ ಮಾಡಿದ್ದು ಕಿರಿಯ ಮಂತ್ರಿಯಾಗಿಯೇ. ವಿಶ್ವವಿದ್ಯಾಲಯದ ಲೈಬ್ರರಿಗೆ 1973ರಲ್ಲಿ ಅಡಿಗಲ್ಲು ಹಾಕಲು ಬಂದಾಗಲೂ ಅದೇ ಹಳೇ ಮಾತು ಹೇಳಿದರು. ಎರಡನೇ ದರ್ಜೆಯದನ್ನು ಕೊಟ್ಟು ಯಾರನ್ನೂ ಅವಮಾನ ಮಾಡಬಾರದು ಅಂತ. 1988ರ ನವೆಂಬರ್‌ನಲ್ಲಿ ತೀರಿಕೊಂಡರು. 84 ಆಗಿತ್ತು.

ಸ್ಲೇಟು_ಬಳಪ

ಎಲ್ಲರಿಗೂ ಥ್ಯಾಂಕ್ಸ್. ಲೆಕ್ಕದ ಪುಸ್ತಕ ಅವರ 1968ರ ಪ್ರಶ್ನೆ ಮಾತ್ರ ನನ್ನನ್ನು ಬಿಡ್ತಿಲ್ಲ, ಅದನ್ನು ಇನ್ನೊಂದು ದಿನ ಮಾತಾಡೋಣ. ನಾಳೆ ಇದೆಲ್ಲ ಪ್ರಿಂಟ್ ತೆಗೆದು ಗಣಿತದ ಮೇಡಂಗೆ ಕೊಡ್ತೀನಿ. ಈಗ ನೆನಪಾಯಿತು, ಅವರೂ ಎಂ.ಎಸ್ಸಿ. ಮಾಡಿದ್ದು ಕರೆಸ್ಪಾಂಡೆನ್ಸ್‌ನಲ್ಲೇ.

ರಾಣೆಬೆನ್ನೂರು_ಅಕ್ಕ

ಪುಸ್ತಕ ಪರೀಕ್ಷೆಗೆ ಮುಂಚೆ ಬಂದಿತ್ತಾ, ಆಮೇಲೆ ಬಂತಾ ಅಂತ ಕೇಳಿ ಬನ್ನಿ.